ಎಟಿಯೋಸ್ ಸೀಟಾ, ಎಲ್‌ಜಿಬಿ ಫಾರ್ಮುಲಾನಾ, ಸ್ವಂತ ಎಸ್ಟೀಮಾ? ಕಲಬುರಗಿಯಿಂದ ರೇಸ್‌ಗೆ ಹೋಗುವವರಿಗೆ ಯಾವುದು ಸರಿ

ಕಾರ್ ರೇಸ್‌ಗೆ ಇಳಿಯಲು ನನ್ನ ಮುಂದಿದ್ದ ದಾರಿ ಮೂರು: ಟೀಮಿನಿಂದ ಟೊಯೊಟಾ ಎಟಿಯೋಸ್ ರೇಸ್ ಕಾರು ಬಾಡಿಗೆಗೆ ಪಡೆಯುವುದು (ಇದಕ್ಕೇ ಸೀಟು ಅನ್ನುತ್ತಾರೆ), ಎಲ್‌ಜಿಬಿ ಫಾರ್ಮುಲಾ ಅನ್ನುವ ಒಬ್ಬರೇ ಕೂರುವ ರೇಸ್ ಕಾರಿನ ಸೀಟು, ಇಲ್ಲಾ ಸ್ವಂತ ಮಾರುತಿ ಎಸ್ಟೀಮ್ ಕಟ್ಟುವುದು. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎಟಿಯೋಸ್‌ಗೆ. ಎಲ್ಲರದೂ ಒಂದೇ ಕಾರು, ಒಂದೇ ಟೈರು, ಯಾರೂ ಬಿಚ್ಚದ ಹಾಗೆ ಎಂಜಿನ್‌ಗೆ ಸೀಲು. ನಾವು ಹೆಲ್ಮೆಟ್ ತಗೊಂಡು ಹೋಗಬೇಕು, ಸೀಟಲ್ಲಿ ಕೂತು ಓಡಿಸಬೇಕು, ಇಳಿದು ಬರಬೇಕು. ಮೂರನ್ನೂ ಓಡಿಸಿ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

"ಎಟಿಯೋಸಾ? ಅದು ಸ್ಟೇಷನ್ ಟ್ಯಾಕ್ಸಿ ಅಲ್ವಾ?" ಅಂತ ನಮ್ಮೂರಲ್ಲಿ ಎಲ್ಲರೂ ಕೇಳುತ್ತಾರೆ. ಹೌದು, ಅದೇ ಕಾರು. 2010ರ ಕೊನೆಗೆ ಬಂತು, 2020ಕ್ಕೆ ನಿಂತಿತು, ನಮ್ಮ ಬಿಡದಿಯಲ್ಲೇ ತಯಾರಾಗುತ್ತಿತ್ತು. 1.5 ಲೀಟರ್ ಪೆಟ್ರೋಲ್ ಎಂಜಿನ್, ರಸ್ತೆ ಕಾರಿನಲ್ಲಿ ಸುಮಾರು 90 ಎಚ್‌ಪಿ. ಟೊಯೊಟಾದವರು 2012ರಲ್ಲಿ ಇದನ್ನು ರೇಸ್‌ಗೆ ಇಳಿಸಿದರು. ಆಮೇಲೆ ಚೆನ್ನೈ ಟ್ರ್ಯಾಕಿನಲ್ಲಿ ಎಂಆರ್‌ಎಫ್ ಸಲೂನ್ ಕಾರ್ (ರಸ್ತೆ ಕಾರನ್ನೇ ರೇಸ್‌ಗೆ ಸಜ್ಜು ಮಾಡಿದ್ದು) ಕ್ಲಾಸ್‌ನಲ್ಲೂ ಇದೇ ಕಾರು ಓಡಿತು. ಶಕ್ತಿ ಕಡಿಮೆ ಅನ್ನೋದೇ ಇದರ ಮಜಾ. ತಿರುವಿನಲ್ಲಿ ವೇಗ ಕಳೆದುಕೊಂಡರೆ ನೇರ ರಸ್ತೆಯಲ್ಲಿ ಅದನ್ನು ವಾಪಸ್ ಗಳಿಸೋಕೆ ಎಂಜಿನ್ ಸಹಾಯ ಮಾಡಲ್ಲ.

ಇನ್ನೆರಡರ ಕಥೆ ಹೇಳುತ್ತೇನೆ.

ಎಸ್ಟೀಮ್ ನಾವು ಗೆಳೆಯರೆಲ್ಲ ಸೇರಿ ಕಟ್ಟಿದ್ದು. 1994ರಿಂದ 2007ರವರೆಗೆ ಬಂದ ಕಾರು, 1300 ಸಿಸಿ, ಹಗುರ. ನಮ್ಮ ದೇಶದ ಸಲೂನ್ ರೇಸ್‌ಗಳಲ್ಲಿ ಎಷ್ಟೋ ವರ್ಷ ಇದರದೇ ರಾಜ್ಯಭಾರ. ಹಳೇದು ಸೋವಿಗೆ ಸಿಕ್ಕಿತು. ಗಂಜ್ ಹತ್ತಿರದ ನಮ್ಮ ಉಸ್ತಾದ್ ಎಂಜಿನ್ ಪೂರ್ತಿ ಬಿಚ್ಚಿ ಕಟ್ಟಿದರು. ರೋಲ್ ಕೇಜ್ (ಕಾರು ಮಗುಚಿದರೂ ಚಾಲಕನನ್ನು ಕಾಪಾಡುವ ಒಳಗಿನ ಉಕ್ಕಿನ ಚೌಕಟ್ಟು) ಮಾತ್ರ ಬೇರೆ ಕಡೆ ಮಾಡಿಸಿದೆವು. ಕಾರು ಚೆನ್ನಾಗಿಯೇ ಬಂತು, ಅದರಲ್ಲಿ ಎರಡು ಮಾತಿಲ್ಲ. ಬ್ರೇಕು, ಸಸ್ಪೆನ್ಶನ್ ಎಲ್ಲ ನಮಗೆ ಬೇಕಾದ ಹಾಗೆ ಮಾಡಿಕೊಳ್ಳಬಹುದು. ಆ ಖುಷಿ ಬಾಡಿಗೆ ಸೀಟಿನಲ್ಲಿ ಇಲ್ಲ.

ತಾಪತ್ರಯ ಶುರುವಾಗಿದ್ದು ಅದನ್ನು ಟ್ರ್ಯಾಕಿಗೆ ಸಾಗಿಸುವಾಗ. ಇದನ್ನು ಯಾರೂ ಮೊದಲು ಹೇಳಲ್ಲ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನ್ಯಾಷನಲ್ ಚಾಂಪಿಯನ್‌ಶಿಪ್ ಓಡುವುದು ಹೆಚ್ಚಾಗಿ ಚೆನ್ನೈ ಪಕ್ಕದ ಇರುಂಗಾಟ್ಟುಕೋಟೈ, ಇಲ್ಲಾಂದ್ರೆ ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ. ಎರಡೂ ನಮಗೆ ದೂರ. ಕೇಜ್ ಹಾಕಿ, ಸೀಟು ಕಿತ್ತು, ರೇಸ್ ಟೈರ್ ಹಾಕಿದ ಕಾರನ್ನು ರಸ್ತೆ ಮೇಲೆ ಓಡಿಸಿಕೊಂಡು ಹೋಗುವ ಹಾಗಿಲ್ಲ. ಕಾರು ಸಾಗಿಸುವ ಕಂಪನಿಯವರನ್ನು ಕೇಳಿದರೆ ಆರ್‌ಸಿ, ಚಾಲ್ತಿ ಇನ್ಶೂರೆನ್ಸ್ ಎಲ್ಲ ಕೇಳುತ್ತಾರೆ. ಅದೂ ಹೈದರಾಬಾದಿಗೆ ತಂದು ಕೊಡಿ, ಲೋಡ್ ಆದಾಗ ಹೊರಡುತ್ತದೆ ಅಂದರು. ರೇಸ್ ತಾರೀಕು ಲೋಡಿಗೆ ಕಾಯುತ್ತದಾ?

ಕೊನೆಗೆ ತೊಗರಿ ಬೇಳೆ ಲಾರಿ. ನಮ್ಮ ಮಿಲ್ಲುಗಳಿಂದ ತಮಿಳುನಾಡಿಗೆ ಬೇಳೆ ಹೋಗುತ್ತದೆ, ಪರಿಚಯದವರ ಲಾರಿಯಲ್ಲಿ ಹಿಂದಿನ ಜಾಗ ಬಿಡಿಸಿಕೊಂಡೆವು. ಹತ್ತಿಸುವುದು ಕಷ್ಟ ಆಗಲಿಲ್ಲ. ಮಿಲ್ಲಿನ ಕಟ್ಟೆ ಲಾರಿ ಬಾಡಿಯ ಮಟ್ಟಕ್ಕೇ ಇದೆ, ಎರಡು ದಪ್ಪ ಹಲಗೆ ಹಾಕಿ ಹಮಾಲರು ತಳ್ಳಿದರು. ಹಲಗೆ ತುದಿಗೆ ಬಂದಾಗ ಮುಂದಿನ ಬಂಪರ್ ನೆಲಕ್ಕೆ ಒಂದು ಬೆರಳಿನಷ್ಟು ಮೇಲಿತ್ತು, ಅಷ್ಟೇ. ಅಲ್ಲಿ ಗೋಣಿಚೀಲ ಮಡಚಿ ಇಟ್ಟು ಎತ್ತರ ಮಾಡಿಕೊಂಡೆವು.

ನಡುರಾತ್ರಿ ಡ್ರೈವರ್ ಫೋನ್. "ಸರ, ಚೆಕ್‌ಪೋಸ್ಟ್‌ನ್ಯಾಗ ನಿಲ್ಲಿಸ್ಯಾರ್ರಿ. ನಂಬರ್ ಪ್ಲೇಟ್ ಇಲ್ಲ, ಸೀಟಿಲ್ಲ, ಇದೇನ್ ಗಾಡಿ ಅಂತ ಕೇಳಲಿಕತ್ತಾರ್ರಿ. ನಾ ಏನ್ ಹೇಳ್ಲಿ?" ಬಿಲ್ಲಿನಲ್ಲಿ ಬೇಳೆ ಇದೆ, ಕಾರಿನ ಮಾತೇ ಇಲ್ಲ. ಮಾರಾಟಕ್ಕಲ್ಲ, ರೇಸ್‌ಗೆ ಅಂತ ಅವರಿಗೆ ಅರ್ಥ ಮಾಡಿಸಲು ಆರ್‌ಸಿ ಫೋಟೊ, ರೇಸ್ ಎಂಟ್ರಿಯ ಪತ್ರ, ಕಾರು ಟ್ರ್ಯಾಕಿನಲ್ಲಿ ಓಡುವ ವಿಡಿಯೊ ಎಲ್ಲ ಕಳಿಸಬೇಕಾಯಿತು. ಅವರಿಗೆ ಕನ್ನಡ ಬರಲ್ಲ, ನಮ್ಮ ತೆಲುಗು ಅಷ್ಟಕ್ಕಷ್ಟೇ. ಬಿಟ್ಟರು, ಆದರೆ ಬೆಳಗಾಗಿತ್ತು.

ಇಳಿಸುವುದು ಇನ್ನೂ ದೊಡ್ಡ ರಗಳೆ. ಅಲ್ಲಿ ಮಿಲ್ ಕಟ್ಟೆ ಎಲ್ಲಿಂದ ಬರಬೇಕು? ಇರುಂಗಾಟ್ಟುಕೋಟೈ ಇಂಡಸ್ಟ್ರಿಯಲ್ ಏರಿಯಾದಲ್ಲಿ ಕ್ರೇನ್ ಹುಡುಕಿ, ಬಾಡಿಗೆ ಕೊಟ್ಟು, ಬೆಲ್ಟ್ ಕಟ್ಟಿ ಇಳಿಸುವಷ್ಟರಲ್ಲಿ ಶುಕ್ರವಾರದ ಪ್ರಾಕ್ಟೀಸ್ ಮುಗಿದಿತ್ತು. ಶನಿವಾರ ನೇರ ಕ್ವಾಲಿಫೈಯಿಂಗ್, ಅಂದರೆ ರೇಸ್‌ನಲ್ಲಿ ಯಾರು ಎಲ್ಲಿಂದ ಹೊರಡಬೇಕು ಅಂತ ತೀರ್ಮಾನಿಸುವ ಓಟ. ಹೊಸ ಬ್ರೇಕ್ ಪ್ಯಾಡ್ ಪಳಗಿಸಲೂ ಸಮಯ ಇರಲಿಲ್ಲ. ವಾಪಸ್ ಬರುವಾಗ ಆ ಲಾರಿ ಬೇರೆ ಲೋಡಿಗೆ ಹೋಗಿತ್ತು, ಕಾರು ಅಲ್ಲೇ ಒಂದು ಶೆಡ್ಡಿನಲ್ಲಿ ಬಾಡಿಗೆ ಕಟ್ಟಿಕೊಂಡು ನಿಂತಿತು. ಸಾಗಣೆ, ಕ್ರೇನು, ಶೆಡ್ಡು ಕೂಡಿಸಿದರೆ ಆ ವಾರದ ಟೈರ್ ಖರ್ಚಿಗಿಂತ ಜಾಸ್ತಿ. ಚೆನ್ನೈ, ಕೊಯಮತ್ತೂರಿನವರಿಗೆ ಈ ತಲೆನೋವೇ ಇಲ್ಲ, ಅವರು ಸ್ವಂತ ಕಾರು ಕಟ್ಟಿದರೆ ಸರಿ. ನಮಗಲ್ಲ.

ಎಟಿಯೋಸ್ ಸೀಟಿಗೆ ಹೇಗೆ ಹೋಗುತ್ತೇನೆ ಗೊತ್ತಾ? ರೈಲಿನಲ್ಲಿ. ಕಲಬುರಗಿ ಮುಂಬೈ-ಚೆನ್ನೈ ಮೇನ್ ಲೈನಿನ ಮೇಲೆಯೇ ಇದೆ. ವಾಡಿ, ರಾಯಚೂರು, ಗುಂತಕಲ್, ರೇಣಿಗುಂಟ ದಾಟಿ ಅರಕ್ಕೋಣಂನಲ್ಲಿ ಇಳಿದರೆ ಅಲ್ಲಿಂದ ಬಾಡಿಗೆ ಕಾರು. ಒಂದು ಬ್ಯಾಗಿನಲ್ಲಿ ಹೆಲ್ಮೆಟ್, ಹ್ಯಾನ್ಸ್ (ಡಿಕ್ಕಿಯಲ್ಲಿ ಕುತ್ತಿಗೆ ಕಾಪಾಡುವ ಪಟ್ಟಿ), ಸೂಟು, ಶೂ, ಗ್ಲೌಸ್. ಗುರುವಾರ ಅಂಗಡಿ ಮುಚ್ಚಿ ಹೊರಟರೆ ಶುಕ್ರವಾರ ಪ್ರಾಕ್ಟೀಸಿಗೆ ಹಾಜರ್. ಕ್ಲಚ್ ಸುಟ್ಟರೆ ಕಾರು ಕೊಟ್ಟ ಟೀಮಿನ ಮೆಕ್ಯಾನಿಕ್ ನೋಡಿಕೊಳ್ಳುತ್ತಾನೆ.

ಎಲ್‌ಜಿಬಿ ಫಾರ್ಮುಲಾ ಬಗ್ಗೆ ನನಗೆ ಬಹಳ ಗೌರವ ಇದೆ. ಚಕ್ರ ಹೊರಗಿರುವ ಪುಟ್ಟ ಕಾರು, ಬೆನ್ನ ಹಿಂದೆ 1300 ಸಿಸಿ ಸ್ವಿಫ್ಟ್ ಎಂಜಿನ್. ಈ ದಾರಿ ತೆರೆದವರು ಕೊಯಮತ್ತೂರಿನ ಕರಿವರ್ಧನ್. ಮಾರುತಿ 800ರ ಎಂಜಿನ್ ಇಟ್ಟು ಫಾರ್ಮುಲಾ ಮಾರುತಿ ಕಟ್ಟಿ, ರೇಸ್ ಶ್ರೀಮಂತರದ್ದು ಮಾತ್ರ ಅನ್ನುವ ಕಾಲದಲ್ಲಿ ಮಧ್ಯಮ ವರ್ಗದ ಹುಡುಗರಿಗೂ ಸೀಟು ಸಿಗುವ ಹಾಗೆ ಮಾಡಿದರು. ನಾರಾಯಣ್ ಕಾರ್ತಿಕೇಯನ್ ಶುರು ಮಾಡಿದ್ದೂ ಅದರಲ್ಲೇ. ಕರಿ ಸ್ಪೀಡ್‌ವೇಗೆ ಅವರದೇ ಹೆಸರು. ಸಣ್ಣ ವಯಸ್ಸಿನವರು, ಮುಂದೆ ದೊಡ್ಡ ಫಾರ್ಮುಲಾಗೆ ಹೋಗಬೇಕು ಅನ್ನುವವರು ಕಣ್ಣು ಮುಚ್ಚಿ ಇದನ್ನೇ ಹಿಡಿಯಬೇಕು.

ನನಗೆ ಆಗಿಬರಲಿಲ್ಲ. ನಾನು ಎತ್ತರ, ಮೊಣಕಾಲು ಸ್ಟೀರಿಂಗ್‌ಗೆ ತಾಗುತ್ತದೆ. ಸೀಟಿನ ರೇಟೂ ಜಾಸ್ತಿ ಬಿತ್ತು. ಮುಖ್ಯ ವಿಷಯ ಅಂದರೆ ಚಕ್ರಕ್ಕೆ ಚಕ್ರ ತಾಗಿದರೆ ಅಲ್ಲಿಗೆ ರೇಸ್ ಮುಗಿಯಿತು, ಸಸ್ಪೆನ್ಶನ್ ಕೈ ಮುರಿಯುತ್ತದೆ. ಎಟಿಯೋಸ್‌ನಲ್ಲಿ ಬಾಗಿಲಿಗೆ ಬಾಗಿಲು ಉಜ್ಜಿದರೂ ಬಣ್ಣ ಹೋಗುತ್ತದೆ, ಓಟ ಮುಂದುವರಿಯುತ್ತದೆ. ನನ್ನಂಥ ವಾರಾಂತ್ಯದ ಚಾಲಕನಿಗೆ ಕಲಿಯಲು ಓಟ ಮುಗಿಸುವುದು ಮುಖ್ಯ.

ಎಟಿಯೋಸ್ ಏನು ಕಲಿಸಿತು ಅಂತ ಒಂದು ಉದಾಹರಣೆ. ಮುಂದಿನ ಚಕ್ರವೇ ಎಳೆಯಬೇಕು, ತಿರುಗಿಸಬೇಕು, ಬ್ರೇಕಿನ ಭಾರವನ್ನೂ ಹೊರಬೇಕು. ತಿರುವಿಗೆ ಜೋರಾಗಿ ಬಂದು ಸ್ಟೀರಿಂಗ್ ಇನ್ನೂ ಇನ್ನೂ ತಿರುಗಿಸಿದರೆ ಟೈರು ಕಿರುಚುತ್ತದೆ, ಕಾರು ಮಾತ್ರ ನೇರ ಹೋಗುತ್ತದೆ. ಆಗ ಕೈ ಸ್ವಲ್ಪ ಸಡಿಲಿಸಿ, ಆಕ್ಸಿಲರೇಟರ್ ಕೂದಲೆಳೆಯಷ್ಟು ಬಿಟ್ಟರೆ ಭಾರ ಮುಂದಕ್ಕೆ ಬರುತ್ತದೆ, ಮೂತಿ ಒಳಕ್ಕೆ ತಿರುಗುತ್ತದೆ, ಹಿಂಭಾಗ ಮೆಲ್ಲಗೆ ಸರಿಯುತ್ತದೆ. ಪೂರ್ತಿ ಬಿಟ್ಟರೆ ಕಾರು ಗಿರಕಿ. ಈ ಅಳತೆ ಕಾಲಿಗೆ ಹತ್ತಿದ ಮೇಲೆ ಲ್ಯಾಪ್ ಟೈಮ್ ತಾನಾಗಿಯೇ ಇಳಿಯಿತು. ಮುಂದಿನವನ ಕಾರೂ ಅದೇ ಆದ್ದರಿಂದ ನೆಪ ಹೇಳಲು ಜಾಗವೇ ಇಲ್ಲ. ಚೆನ್ನೈನ 3.7 ಕಿ.ಮೀ. ಟ್ರ್ಯಾಕಿನಲ್ಲಿ ಅವನು ಎಲ್ಲಿ ಬ್ರೇಕ್ ಹಾಕಿದ, ನಾನು ಎಲ್ಲಿ ಹಾಕಿದೆ, ಅಷ್ಟೇ ಲೆಕ್ಕ.

ಇದರಲ್ಲೂ ಕೊರತೆ ಇದೆ. ಸೆಟಪ್ ಮುಟ್ಟುವ ಹಾಗಿಲ್ಲ. ಡ್ಯಾಮೇಜ್ ಡಿಪಾಸಿಟ್ ಇಡಬೇಕು, ಗುದ್ದಿದರೆ ಅದರಲ್ಲಿ ಕಟ್ ಆಗುತ್ತದೆ. ಆದ್ದರಿಂದ ಸಹಿ ಹಾಕುವ ಮೊದಲು ಎರಡು ವಿಷಯ ಬರಹದಲ್ಲಿ ತಗೊಳ್ಳಿ: ಬೇರೆಯವರು ಬಂದು ಗುದ್ದಿದರೆ ಯಾರು ಕೊಡಬೇಕು, ಡಿಪಾಸಿಟ್ ದಾಟಿದರೆ ಉಳಿದದ್ದು ಯಾರ ತಲೆಗೆ. ಇನ್ನೊಂದು, ಕಂಪನಿ ನಡೆಸುವ ಸರಣಿಗಳನ್ನು ನಂಬಿ ಐದು ವರ್ಷದ ಪ್ಲಾನ್ ಹಾಕಬೇಡಿ. ಫೋಕ್ಸ್‌ವ್ಯಾಗನ್ 2010ರಲ್ಲಿ ಪೋಲೋ ಕಪ್ ಶುರು ಮಾಡಿತು, ಆಮೇಲೆ ವೆಂಟೋ ಬಂತು, ಅಮಿಯೊ ಬಂತು. ಕಾರು ಬದಲಾದ ಹಾಗೆ ಕಲಿತದ್ದನ್ನೂ ಬದಲಿಸಿಕೊಳ್ಳಬೇಕು.

ಇಂಗ್ಲೆಂಡಿನಲ್ಲಿ ಸಿಟ್ರೊಯೆನ್ ಸಿ1 ಅನ್ನುವ ಒಂದು ಲೀಟರಿನ ಪುಟ್ಟ ಕಾರಿನಲ್ಲಿ 24 ಗಂಟೆಯ ರೇಸ್ ಕೂಡ ಓಡಿಸುತ್ತಾರೆ. ಗೆಳೆಯರು ನಾಲ್ಕೈದು ಜನ ಸೇರಿ ಒಂದು ಕಾರು, ಖರ್ಚು ಹಂಚಿಕೆ. ನಮ್ಮಲ್ಲಿ ಆಲ್ಟೋಗೆ ಹಾಗೊಂದು ಕ್ಲಾಸ್ ಬಂದರೆ ನಾನು ಮೊದಲ ದಿನವೇ ಹೆಸರು ಕೊಡುತ್ತೇನೆ.

ಕೈಯಲ್ಲಿ ದುಡ್ಡು ಕಮ್ಮಿ ಇದ್ದರೆ ಒಂದು ಸೀಸನ್ ಪೂರ್ತಿ ಬೇಡ, ಬಿಡಿ ರೌಂಡ್ ಸೀಟು ಸಿಗುತ್ತದಾ ಕೇಳಿ. ಮೊದಲ ದುಡ್ಡು ಸ್ವಂತ ಹೆಲ್ಮೆಟ್, ಹ್ಯಾನ್ಸ್‌ಗೆ ಹಾಕಿ, ಬಾಡಿಗೆ ಹೆಲ್ಮೆಟ್ ಸರಿಯಾಗಿ ಕೂರುವುದು ಅಪರೂಪ. ಎಫ್‌ಎಂಎಸ್‌ಸಿಐ (ದೇಶದ ಮೋಟಾರ್ ರೇಸ್ ಒಕ್ಕೂಟ) ಲೈಸೆನ್ಸ್, ಮೆಡಿಕಲ್ ಸರ್ಟಿಫಿಕೇಟ್ ಸೀಸನ್ ಶುರುವಾಗುವ ಮೊದಲೇ ಮಾಡಿಸಿಕೊಳ್ಳಿ. ನಮ್ಮ ಎಸ್ಟೀಮ್ ಕೊಯಮತ್ತೂರಿನವರೊಬ್ಬರಿಗೆ ಕೇಜ್ ಸಮೇತ ಕೊಟ್ಟುಬಿಟ್ಟೆವು, ಆ ದುಡ್ಡಿನಲ್ಲಿ ನನ್ನ ಪಾಲು ಮುಂದಿನ ಎಟಿಯೋಸ್ ಸೀಟಿಗೆ ಅಡ್ವಾನ್ಸ್ ಹೋಗಿದೆ.