ಕಾರ್ಟಾನಾ, ಕಾಮನ್‌ವೆಲ್ತಾ?

ಆಫ್ರಿಕಾದ ಆರೋಗ್ಯ ವ್ಯವಸ್ಥೆ ಬಗ್ಗೆ, ಅದರಲ್ಲೂ ಆರೋಗ್ಯ ಅರ್ಥಶಾಸ್ತ್ರದಲ್ಲಿ, ಪೂರ್ತಿ ಖರ್ಚು ಸಿಗುವ ಪಿಎಚ್‌ಡಿ ಬೇಕಾ? ಮೊದಲು ಅರ್ಹತೆ ನೋಡಿ, ಹಣ ಆಮೇಲೆ.

ಕಾರ್ಟಾ (CARTA) ಅಂದರೆ ಆಫ್ರಿಕಾದಲ್ಲೇ ಪಿಎಚ್‌ಡಿ ಸಂಶೋಧಕರನ್ನು ತಯಾರು ಮಾಡಲು ಅಲ್ಲಿನ ವಿಶ್ವವಿದ್ಯಾಲಯಗಳು, ಸಂಶೋಧನಾ ಸಂಸ್ಥೆಗಳು ಸೇರಿ 2008ರಲ್ಲಿ ಶುರು ಮಾಡಿದ ಒಕ್ಕೂಟ. ನೈರೋಬಿಯ ಎಪಿಎಚ್‌ಆರ್‌ಸಿ ಅನ್ನೋ ಜನಸಂಖ್ಯೆ-ಆರೋಗ್ಯ ಸಂಶೋಧನಾ ಕೇಂದ್ರ ಮತ್ತು ಜೊಹಾನ್ಸ್‌ಬರ್ಗ್‌ನ ವಿಟ್ಸ್ ವಿಶ್ವವಿದ್ಯಾಲಯ ಮುಂದೆ ನಿಂತು ನಡೆಸುತ್ತವೆ. ಸದಸ್ಯ ಸಂಸ್ಥೆಗಳಲ್ಲಿ ಆಗಲೇ ಕೆಲಸದಲ್ಲಿರುವವರಿಗೆ ಮಾತ್ರ ಪ್ರವೇಶ, ಹಾಗಾಗಿ ಕರ್ನಾಟಕದಿಂದ ನೇರವಾಗಿ ಅರ್ಜಿ ಹಾಕುವವರಿಗೆ ಈ ದಾರಿ ಇಲ್ಲ. ಆದರೆ ಉಗಾಂಡಾದ ಕಂಪಾಲಾದಲ್ಲೋ ನೈಜೀರಿಯಾದ ಇಬಾದಾನ್‌ನಲ್ಲೋ ಇರುವ ಸದಸ್ಯ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುತ್ತಿರುವವರಿಗೆ ನಾನು ಕಣ್ಣುಮುಚ್ಚಿ ಇದನ್ನೇ ಹೇಳುತ್ತೇನೆ. ಒಂದೇ ತಂಡದ ಜೊತೆ ನಾಲ್ಕು ದೀರ್ಘ ಸೆಮಿನಾರ್‌ಗಳು, ಸಂಶೋಧನೆಯ ಪ್ರಶ್ನೆ ರೂಪಿಸುವುದರಿಂದ ಹಿಡಿದು ಪಿಎಚ್‌ಡಿ ಮುಗಿದ ಮೇಲಿನ ದಾರಿಯವರೆಗೆ. ಒಂಟಿಯಾಗಿ ಕೂತು ಬರೆಯುವ ಸಂಕಟ ಎಷ್ಟೋ ಕಡಿಮೆಯಾಗುತ್ತದೆ, ಅಲ್ವಾ?

ಕಾಮನ್‌ವೆಲ್ತ್ ಪಿಎಚ್‌ಡಿ ಸ್ಕಾಲರ್‌ಶಿಪ್ ಬ್ರಿಟನ್‌ಗೆ ಕರೆದೊಯ್ಯುತ್ತದೆ. ಫೀಸು, ವಿಮಾನ ಟಿಕೆಟ್, ತಿಂಗಳ ಭತ್ಯೆ ಎಲ್ಲಾ ಅದರಲ್ಲೇ. ಲೆಕ್ಕಾಚಾರದ ವಿಧಾನಗಳಲ್ಲಿ ಗಟ್ಟಿಯಾಗಲು ಅಲ್ಲಿನ ಯಾರ್ಕ್ ವಿಶ್ವವಿದ್ಯಾಲಯದಂಥ ಜಾಗ ಚೆನ್ನ. ಆದರೆ ಘಾನಾದಲ್ಲಿ 2003ರಲ್ಲೇ ಆರೋಗ್ಯ ವಿಮೆ ಕಾನೂನು ಬಂದರೂ ರೋಗಿ ಕೌಂಟರ್‌ನಲ್ಲಿ ಯಾಕೆ ಇನ್ನೂ ಕೈಯಿಂದ ದುಡ್ಡು ಕೊಡುತ್ತಾರೆ ಅನ್ನೋದು ದೂರದಲ್ಲಿ ಕೂತರೆ ತಿಳಿಯೋದು ಕಷ್ಟ, ಫೀಲ್ಡ್‌ವರ್ಕ್ ಹಣ ಎಷ್ಟು ಅಂತ ಮೊದಲೇ ಕೇಳಿ.

ಎರಡೂ ಹೊಂದದಿದ್ದರೆ ಕೇಪ್‌ಟೌನ್ ವಿಶ್ವವಿದ್ಯಾಲಯದ ಹೆಲ್ತ್ ಎಕನಾಮಿಕ್ಸ್ ಯೂನಿಟ್ ನೋಡಿ. ಮಾರ್ಗದರ್ಶಕರಿಗೆ ನಿಮ್ಮ ಸಂಶೋಧನೆಯ ಪ್ರಶ್ನೆಯನ್ನು ಒಂದು ಪುಟದಲ್ಲಿ ಬರೆದು ಕಳಿಸಿ, ಸುಮ್ನೆ ಸಿವಿ ಮಾತ್ರ ಬೇಡ.