ತುಮಕೂರಿಗೆ ಬಂದಿದ್ದ ಸಂಚಾರಿ ತಾರಾಲಯ: ಚಿತ್ರಕ್ಕಿಂತ ವಿವರಣೆಯೇ ಮೇಲು

ಕಳೆದ ಭಾನುವಾರ ತುಮಕೂರಿನ ಶಾಲೆಯೊಂದರ ಸಭಾಂಗಣದಲ್ಲಿ ಸಂಚಾರಿ ತಾರಾಲಯದ ಪ್ರದರ್ಶನವಿತ್ತು. ತಲಾ 80 ರೂಪಾಯಿ ಕೊಟ್ಟು, ಆರನೆಯ ತರಗತಿಯಲ್ಲಿರುವ ಮಗಳೊಂದಿಗೆ ಹೋಗಿದ್ದೆ. ಚಪ್ಪಲಿ ಬಿಟ್ಟು, ತಲೆ ತಗ್ಗಿಸಿ, ಗಾಳಿ ತುಂಬಿ ನಿಲ್ಲಿಸಿದ ಗುಮ್ಮಟದೊಳಗೆ ನುಸುಳಿ, ಜಮಖಾನದ ಮೇಲೆ ಕುಳಿತು ಮೇಲೆ ನೋಡಬೇಕು. ಅಂದಿನ ವಿಷಯ ಕ್ಷುದ್ರಗ್ರಹಗಳ ಪಟ್ಟಿ, ಅಂದರೆ ಮಂಗಳ ಮತ್ತು ಗುರು ಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಕಲ್ಲುಬಂಡೆಗಳ ವಲಯ, ರೂಪುಗೊಂಡ ಬಗೆ.

ಮೊದಲ 20 ನಿಮಿಷಗಳ ಚಿತ್ರ ನಿರಾಸೆ ಮೂಡಿಸಿತು. ಅದರಲ್ಲಿ ನೌಕೆಯೊಂದು ಒತ್ತೊತ್ತಾಗಿ ಉರುಳಿ ಬರುವ ಬಂಡೆಗಳಿಂದ ತಪ್ಪಿಸಿಕೊಳ್ಳುತ್ತಾ ಸಾಗುತ್ತದೆ. ನಿಜದಲ್ಲಿ ಮಂಗಳ ಮತ್ತು ಗುರುವಿನ ನಡುವಿನ ಆ ಪ್ರದೇಶ ಬಹುಮಟ್ಟಿಗೆ ಖಾಲಿ. 1972ರಲ್ಲಿ ಹಾರಿಬಿಟ್ಟ ಪಯೋನಿಯರ್ 10 ನೌಕೆ ಅದನ್ನು ಯಾವ ತೊಂದರೆಯೂ ಇಲ್ಲದೆ ದಾಟಿಹೋಯಿತು. ಅದಕ್ಕಿಂತ ದೊಡ್ಡ ತಪ್ಪೆಂದರೆ, ಅಲ್ಲೊಂದು ಗ್ರಹವಿತ್ತು, ಅದು ಸಿಡಿದು ಚೂರಾಯಿತು ಎಂಬ ಮಾತು. ಖಗೋಳಜ್ಞ ಓಲ್ಬರ್ಸ್ 19ನೆಯ ಶತಮಾನದ ಆರಂಭದಲ್ಲಿ ಮುಂದಿಟ್ಟ ಈ ಊಹೆಯನ್ನು ವಿಜ್ಞಾನಿಗಳು ಎಂದೋ ಕೈಬಿಟ್ಟಿದ್ದಾರೆ. 1801ರಲ್ಲಿ ಖಗೋಳಜ್ಞ ಪಿಯಾಝಿ ಕಂಡ, ಸುಮಾರು 940 ಕಿಲೋಮೀಟರ್ ವ್ಯಾಸದ, ಅಲ್ಲಿನ ಅತಿ ದೊಡ್ಡ ಕಾಯವಾದ ಸಿರಿಸ್ ಅನ್ನೂ ಸೇರಿಸಿ ಅಲ್ಲಿರುವುದನ್ನೆಲ್ಲ ಒಟ್ಟು ಮಾಡಿದರೂ ನಮ್ಮ ಚಂದ್ರನ ದ್ರವ್ಯರಾಶಿಯ ಶೇಕಡ 3ರಷ್ಟು ಮಾತ್ರ ಆಗುತ್ತದೆ; ಒಂದು ಗ್ರಹಕ್ಕೆ ಅದೆಲ್ಲಿ ಸಾಕು?

ಚಿತ್ರ ಮುಗಿದ ಮೇಲೆ ವಿವರಣೆಗೆ ನಿಂತ ಯುವತಿಯೇ ಟಿಕೆಟ್ಟಿನ ದುಡ್ಡಿಗೆ ನ್ಯಾಯ ಒದಗಿಸಿದರು. "ಮಿಸ್, ಗ್ರಹ ಒಡೆದಿದ್ದಾದರೆ ಒಡೆದವರು ಯಾರು?" ಎಂದು ಮಗಳು ಕೇಳಿದಳು. "ಒಡೆದಿದ್ದಲ್ಲ ಪುಟ್ಟಿ, ಅದು ಗ್ರಹ ಆಗಲೇ ಇಲ್ಲ" ಎಂದ ಅವರು ನೇರವಾಗಿ ಅಡುಗೆಮನೆಗೆ ಬಂದರು: ಎಸರಿನಲ್ಲಿ ರಾಗಿಹಿಟ್ಟು ಗಂಟು ಕಟ್ಟುವ ಹೊತ್ತಿಗೆ ಮುದ್ದೆ ಕೋಲು ಹಾಕಿ ತಿರುವಿದರೆ ಗಂಟು ಉಳಿಯುತ್ತದೆಯೇ? ಸುಮಾರು 460 ಕೋಟಿ ವರ್ಷಗಳ ಹಿಂದೆ ಸೂರ್ಯನ ಸುತ್ತಲಿನ ಅನಿಲ ಮತ್ತು ದೂಳಿನ ತಟ್ಟೆಯಲ್ಲಿ ಕಣಗಳು ಕೂಡಿ ಕಲ್ಲುಗಳಾಗಿ, ಕಲ್ಲುಗಳು ಕೂಡಿ ಬೆಟ್ಟದ ಗಾತ್ರಕ್ಕೆ ಬೆಳೆಯುತ್ತಿದ್ದಾಗ, ಹೊರಗಡೆ ಬೇಗನೆ ಬಲಿತ ಗುರು ತನ್ನ ಗುರುತ್ವದಿಂದ ಅವುಗಳ ಕಕ್ಷೆಗಳನ್ನು ಕಲಕಿತು. ಮೆಲ್ಲಗೆ ತಾಗಿ ಅಂಟಿಕೊಳ್ಳಬೇಕಾದವು ಸೆಕೆಂಡಿಗೆ ಕಿಲೋಮೀಟರುಗಟ್ಟಲೆ ವೇಗದಲ್ಲಿ ಬಡಿದು ಪುಡಿಯಾದವು. ಬಹುಪಾಲು ಸಾಮಗ್ರಿ ಅಲ್ಲಿಂದ ಚದುರಿಹೋಯಿತು. ಮುಟ್ಟದೆಯೇ ಕಲಕುವ ಕೋಲು ಯಾವುದಿದೆ ಎಂಬ ತಕರಾರು ನನಗಿದ್ದರೂ, ಉಪಮೆ ಮಕ್ಕಳಿಗೆ ನಾಟಿತು.

ಗುರುವಿನ ಎಳೆತದ ಗುರುತು ಪಟ್ಟಿಯಲ್ಲಿ ಈಗಲೂ ಇದೆ. ಗುರು ಸೂರ್ಯನ ಸುತ್ತ ಒಂದು ಸುತ್ತು ಮುಗಿಸಲು ಸುಮಾರು 12 ವರ್ಷ ಬೇಕು. ಅಷ್ಟರಲ್ಲಿ ಸರಿಯಾಗಿ ಮೂರು ಸುತ್ತು ಹಾಕುವಂತಹ ಕಕ್ಷೆಯಲ್ಲಿ ಕಲ್ಲುಗಳು ಇಲ್ಲವೆನ್ನುವಷ್ಟು ವಿರಳ. ಅದೇ ಅದೇ ಜಾಗದಲ್ಲಿ ಮತ್ತೆ ಮತ್ತೆ ಎಳೆತ ಬಿದ್ದು ಕಕ್ಷೆ ಉದ್ದುದ್ದವಾಗಿ, ಕೊನೆಗೆ ಅವು ಹೊರಬೀಳುತ್ತವೆ. ಇಂತಹ ತೆರಪುಗಳನ್ನು ಖಗೋಳಜ್ಞ ಕರ್ಕ್‌ವುಡ್ 1866ರಲ್ಲಿ ಗುರುತಿಸಿದರು. ನನ್ನ ಪಕ್ಕದಲ್ಲಿದ್ದ ಹಿರಿಯರೊಬ್ಬರು "ಗುರುಬಲ ಜಾಸ್ತಿಯಾಗಿಯೇ ಕೂಡಿಬರಲಿಲ್ಲ ಅನ್ನಿ" ಎಂದಾಗ ಗುಮ್ಮಟವೆಲ್ಲ ನಕ್ಕಿತು.

ಬೇರೆ ನಕ್ಷತ್ರಗಳ ಸುತ್ತಲಿನ ಇಂತಹ ಪಟ್ಟಿಗಳ ಭಾಗ ಅವಸರದಲ್ಲಿ ಮುಗಿಯಿತು. ಸುಮಾರು 25 ಜ್ಯೋತಿರ್ವರ್ಷ ದೂರದ ಫೋಮಲ್‌ಹಾಟ್ ನಕ್ಷತ್ರದ ಸುತ್ತ ಜೇಮ್ಸ್ ವೆಬ್ ದೂರದರ್ಶಕ ಕಂಡ ಒಳಪಟ್ಟಿಗಳ ಚಿತ್ರವನ್ನು, 2023ರಲ್ಲಿ ಪ್ರಕಟವಾದದ್ದನ್ನು, ತೋರಿಸಿದರು. ಅಲ್ಲಿ ಕಾಣುವುದು ಕಲ್ಲುಗಳಲ್ಲ, ಅವು ಬಡಿದಾಡಿ ಎಬ್ಬಿಸಿದ ದೂಳು ಎಂದು ಬಿಡಿಸಿ ಹೇಳಿದ್ದು ನನಗೆ ಹಿಡಿಸಿತು.

ಗಾಳಿ ಊದುವ ಯಂತ್ರದ ಸದ್ದಿಗೆ ಹಿಂದೆ ಕುಳಿತವರಿಗೆ ಅರ್ಧ ಮಾತು ಕೇಳಿಸಲಿಲ್ಲ; ಸೆಖೆಯಂತೂ ಹೇಳತೀರದು. ನೆಲದ ಮೇಲೆ ಕೂರಲಾಗದವರಿಗೆ ಒಂದು ಕುರ್ಚಿಯ ವ್ಯವಸ್ಥೆಯೂ ಇರಲಿಲ್ಲ. ಶಾಲೆಗೆ ಕರೆಸುವ ಯೋಚನೆಯಿದ್ದವರು ಬೆಳಗಿನ ಹೊತ್ತನ್ನೇ ಕೇಳಿ. ಚಿತ್ರವನ್ನು ಬಿಟ್ಟು ಅಷ್ಟೂ ಸಮಯವನ್ನು ಆ ವಿವರಣೆಗೇ ಕೊಡುವಂತೆ ಮೊದಲೇ ತಿಳಿಸಿ.