ಸಾನ್ ಆಂತೋನ್, ಸಾನ್ ನಿಕೊಲಾಸ್: ಸಾಂತಿಯಾಗೊ ಕಾಲುದಾರಿಯ ಎರಡು ತಂಗುದಾಣಗಳಲ್ಲಿ ಎರಡು ರಾತ್ರಿ

ಉತ್ತರ ಸ್ಪೇನಿನಲ್ಲಿ, ಸಾಂತಿಯಾಗೊ ಎಂಬ ಕ್ರೈಸ್ತ ಪುಣ್ಯಕ್ಷೇತ್ರಕ್ಕೆ ಕಾಲ್ನಡಿಗೆಯಲ್ಲಿ ಸಾಗುವ ಯಾತ್ರೆಯ ದಾರಿಯಲ್ಲಿ ಬುರ್ಗೋಸ್ ನಗರವನ್ನು ದಾಟಿದ ಮೇಲೆ, ನೆರಳೇ ಇಲ್ಲದ ಗೋಧಿ ಹೊಲಗಳ ಮೆಸೆತಾ ಎಂಬ ಬಯಲುಸೀಮೆ ಎದುರಾಗುತ್ತದೆ. ಅಲ್ಲಿ ಸುಮಾರು 14 ಕಿ.ಮೀ. ಅಂತರದಲ್ಲಿರುವ ಎರಡು ಪುರಾತನ ತಂಗುದಾಣಗಳಲ್ಲಿ ನಾನು ಬೆನ್ನುಬೆನ್ನಿಗೆ ಒಂದೊಂದು ರಾತ್ರಿ ಕಳೆದೆ. ಎರಡರಲ್ಲಿಯೂ ಹಾಸಿಗೆಗಳು ಹನ್ನೆರಡರ ಆಸುಪಾಸು. ಬಾಡಿಗೆಯಿಲ್ಲ, ಶಕ್ತ್ಯಾನುಸಾರ ಕಾಣಿಕೆ ಹಾಕಿದರಾಯಿತು.

ಸಾನ್ ಆಂತೋನ್ 1146ರಲ್ಲಿ ಸ್ಥಾಪನೆಯಾದ ಯಾತ್ರಿಕರ ಆಸ್ಪತ್ರೆಯ ಅವಶೇಷ. ಶಿಲೀಂಧ್ರ ತಗುಲಿದ ರೈ ಧಾನ್ಯದ ರೊಟ್ಟಿ ತಿಂದು ಕೈಕಾಲು ಉರಿದು ಕೊಳೆಯುತ್ತಿದ್ದ ರೋಗಿಗಳನ್ನು ಆಂತೋನಿಯನ್ ಪಂಥದ ಸನ್ಯಾಸಿಗಳು ಇಲ್ಲಿ ಉಪಚರಿಸುತ್ತಿದ್ದರು. ದಾರಿ ಇಂದಿಗೂ ಅದರ ಕಮಾನಿನ ಅಡಿಯಲ್ಲೇ ಸಾಗುತ್ತದೆ. ಬಾಗಿಲು ಮುಚ್ಚಿದ ಮೇಲೆ ಬಂದವರಿಗಾಗಿ ಆಹಾರ ಇಡುತ್ತಿದ್ದ ಗೂಡುಗಳು ಗೋಡೆಯಲ್ಲಿ ಹಾಗೆಯೇ ಉಳಿದಿವೆ. ಆ ಗೂಡಿನ ಮುಂದೆ ನಾನು ಬಹಳ ಹೊತ್ತು ನಿಂತೆ, ಏಕೆಂದರೆ ನಮ್ಮ ಧರ್ಮಛತ್ರಗಳ ಹಿಂದಿನ ಮನಸ್ಸೇ ಅಲ್ಲಿ ಕಲ್ಲಾಗಿ ನಿಂತಂತಿತ್ತು. ವಿದ್ಯುತ್ ಇಲ್ಲ, ಬಿಸಿನೀರಿಲ್ಲ. ಮಲಗುವ ಕೋಣೆ ಚಿಕ್ಕದು. ಆದರೆ ಚಾವಣಿಯಿಲ್ಲದ ಚರ್ಚಿನ ಗೋಡೆಗಳ ನಡುವೆ ಕುಳಿತು ನೋಡಿದ ನಕ್ಷತ್ರಗಳಿಗೆ ಸಾಟಿಯಿಲ್ಲ. ಬೇಸಿಗೆಯಲ್ಲೂ ರಾತ್ರಿಯ ಚಳಿ ಮೂಳೆಗಿಳಿಯಿತು.

ಮರುದಿನ ಕಾಸ್ತ್ರೊಹೆರಿಸ್ ಊರನ್ನು ದಾಟಿ, ಮೊಸ್ತೆಲಾರೆಸ್ ದಿಣ್ಣೆಯ ಕಡಿದಾದ ಏರನ್ನು ಹತ್ತಿಳಿದು, ಪಿಸುಎರ್ಗಾ ನದಿಯ ಹನ್ನೊಂದು ಕಮಾನುಗಳ ಸೇತುವೆಗೆ ತುಸು ಮುಂಚೆ ಸಿಗುವ ಸಾನ್ ನಿಕೊಲಾಸ್ ತಲುಪಿದೆ. ಇದು 13ನೆಯ ಶತಮಾನದ ಪುಟ್ಟ ಚರ್ಚು. ಇಟಲಿಯ ಪೆರುಜಾದ ಯಾತ್ರಿಕ ಸಂಘವೊಂದು ಇದನ್ನು ಜೀರ್ಣೋದ್ಧಾರ ಮಾಡಿ ನಡೆಸುತ್ತಿದೆ. ಒಂದೇ ಸಭಾಂಗಣದಲ್ಲಿ ಪೂಜಾವೇದಿ, ಉದ್ದನೆಯ ಊಟದ ಮೇಜು, ಮಂಚಗಳು. ಒಳಗೆ ಮೇಣದ ಬತ್ತಿಯ ಬೆಳಕಷ್ಟೇ. ಬಿಸಿನೀರಿನ ಸ್ನಾನಗೃಹ ಹಿಂಭಾಗದ ಬೇರೆ ಕಟ್ಟಡದಲ್ಲಿದೆ. ಊಟಕ್ಕೆ ಮುಂಚೆ ಸೇವಾಕರ್ತರು ಪ್ರತಿಯೊಬ್ಬ ಯಾತ್ರಿಕನ ಪಾದ ತೊಳೆದು ಮುತ್ತಿಡುತ್ತಾರೆ. ಹಿರಿಯರ ಕಾಲಿಗೆ ಎರಗಿ ಬೆಳೆದ ನನಗೆ, ತಂದೆಯ ವಯಸ್ಸಿನವರೊಬ್ಬರು ನನ್ನ ಬೊಕ್ಕೆಯೆದ್ದ ಕಾಲನ್ನು ಹಿಡಿದಾಗ ಗಂಟಲು ಕಟ್ಟಿತು. ಕಾಲು ಹಿಂದಕ್ಕೆಳೆದುಕೊಳ್ಳಲು ನೋಡಿದೆ, ಅವರು ಬಿಡಲಿಲ್ಲ. ಮಾಂಸವಿಲ್ಲದ ಪಾಸ್ತಾವನ್ನು ಕೇಳದೆಯೇ ಬಡಿಸಿದರು. ರಾತ್ರಿ ಮಾತ್ರ ಎತ್ತರದ ಕಲ್ಲಿನ ಗೋಡೆಗಳು ಎಲ್ಲರ ಗೊರಕೆಯನ್ನೂ ಪ್ರತಿಧ್ವನಿಸುತ್ತಿದ್ದವು.

ಒಂದನ್ನೇ ಆರಿಸಬೇಕಾದವರಿಗೆ ನಾನು ಸಾನ್ ನಿಕೊಲಾಸನ್ನೇ ಸೂಚಿಸುತ್ತೇನೆ. ಸಾನ್ ಆಂತೋನಿನಲ್ಲಿ ಉಪಚಾರದ ಇತಿಹಾಸ ಗೋಡೆಗಳಲ್ಲಿ ಕಾಣುತ್ತದೆ. ಸಾನ್ ನಿಕೊಲಾಸಿನಲ್ಲಿ ಅದು ಇನ್ನೂ ಕೈಯಿಂದ ಕೈಗೆ ನಡೆದುಬರುತ್ತಿದೆ. ಏಕಾಂತವನ್ನೂ ಆಕಾಶವನ್ನೂ ಬಯಸುವವರು, ತಣ್ಣೀರಿಗೆ ಅಂಜದವರು, ಬೆಚ್ಚನೆಯ ಹೊದಿಕೆಯೊಡನೆ ಸಾನ್ ಆಂತೋನಿನಲ್ಲಿ ಉಳಿಯಲಿ. ಚಳಿಗಾಲದಲ್ಲಿ ಎರಡೂ ಮುಚ್ಚಿರುತ್ತವೆ. ತೆರೆದಿರುವ ತಿಂಗಳುಗಳಲ್ಲಿಯೂ ಮಧ್ಯಾಹ್ನದೊಳಗೆ ತಲುಪುವುದು ಕ್ಷೇಮ.